ಹಳದಿ ಕೊರಳಿನ ಪಿಕಳಾರ: ಜೋಗಿಮಟ್ಟಿಯಲ್ಲಿ ಮೊದಲ ಫೋಟೊ ತೆಗೆಯುವವರಿಗೆ

ಹಿಂದೆಂದೂ ನೋಡಿರದ ಹಕ್ಕಿಯೊಂದು ಮೊದಲ ಸಲ ಕ್ಯಾಮೆರಾ ಮುಂದೆ ಕೂತಾಗ ಆ ಫೋಟೊ ಮಾಡಬೇಕಾದ ಕೆಲಸ ಒಂದೇ: ಇದು ಯಾವ ಹಕ್ಕಿ ಎಂಬುದನ್ನು ಅನುಮಾನಕ್ಕೆ ಎಡೆಯಿಲ್ಲದಂತೆ ಹೇಳುವುದು. ಚಂದದ ಹಿನ್ನೆಲೆ, ಕಣ್ಣಿನಲ್ಲಿ ಬೆಳಕಿನ ಚುಕ್ಕಿ, ರೆಕ್ಕೆ ಬಿಚ್ಚಿದ ಭಂಗಿ ಇವೆಲ್ಲ ಎರಡನೇ ಸಲಕ್ಕೆ ಇರಲಿ. ಮೊದಲ ಸಲವೇ ಚಂದಕ್ಕೆ ಹೋದವರು ಗುರುತನ್ನೂ ಕಳೆದುಕೊಳ್ಳುತ್ತಾರೆ, ಚಂದವನ್ನೂ ಕಳೆದುಕೊಳ್ಳುತ್ತಾರೆ. ಚಿತ್ರದುರ್ಗದ ಸುತ್ತಮುತ್ತ ಈ ಮಾತು ಚೆನ್ನಾಗಿ ಅನ್ವಯಿಸುವ ಹಕ್ಕಿ ಎಂದರೆ ಹಳದಿ ಕೊರಳಿನ ಪಿಕಳಾರ. ಪುಸ್ತಕಗಳಲ್ಲಿ, ಆ್ಯಪ್‌ಗಳಲ್ಲಿ ಹುಡುಕುವವರು ಯೆಲ್ಲೊ ಥ್ರೋಟೆಡ್ ಬುಲ್‌ಬುಲ್ ಎಂಬ ಹೆಸರಿನಲ್ಲಿ ಹುಡುಕಿ.

ಈ ಹಾಡುಹಕ್ಕಿ ದಕ್ಷಿಣ ಭಾರತದ ಬಂಡೆಗುಡ್ಡಗಳಲ್ಲಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. 1845ರಲ್ಲಿ ಬ್ರಿಟಿಷ್ ಪಕ್ಷಿತಜ್ಞ ಜೆರ್ಡಾನ್ ಇದನ್ನು ವಿಜ್ಞಾನಕ್ಕೆ ಪರಿಚಯಿಸಿದ. ಈಗ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಸಂಸ್ಥೆಯಾದ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಅಳಿವಿನ ಅಪಾಯಕ್ಕೆ ಈಡಾಗಬಲ್ಲ ಪ್ರಭೇದಗಳ ಸಾಲಿನಲ್ಲಿದೆ. ನಂದಿಬೆಟ್ಟ, ರಾಮನಗರದ ಬಂಡೆಗಳು, ಚಿತ್ರದುರ್ಗದ ಪಕ್ಕದ ನಮ್ಮ ಜೋಗಿಮಟ್ಟಿ ಗುಡ್ಡ, ಹೀಗೆ ಕಲ್ಲು ಮತ್ತು ಮುಳ್ಳುಪೊದೆ ಎರಡೂ ಕೂಡಿರುವ ಇಳಿಜಾರುಗಳೇ ಇದರ ಮನೆ. ಗುಡ್ಡದ ಕಲ್ಲು ಕ್ವಾರಿಗೆ ಹೋದರೆ, ಪೊದೆಗೆ ಬೆಂಕಿ ಬಿದ್ದರೆ ಪಕ್ಕದ ಹೊಲಕ್ಕೋ ತೋಟಕ್ಕೋ ಹೋಗಿ ಬದುಕಿಕೊಳ್ಳುವ ಹಕ್ಕಿ ಇದಲ್ಲ. ಹಾಗಾಗಿ ಗುರುತು ಸ್ಪಷ್ಟವಾಗಿರುವ ಒಂದು ಫೋಟೊ, ದಿನಾಂಕ ಮತ್ತು ಜಾಗದ ಸಮೇತ, ನಿಜಕ್ಕೂ ಬೆಲೆಬಾಳುವ ದಾಖಲೆ.

ಮೊದಲು ಹಕ್ಕಿಯನ್ನು ಓದಿಕೊಳ್ಳಿ

ಸುಮಾರು 20 ಸೆಂ.ಮೀ. ಉದ್ದ. ತಲೆ ಹಳದಿ ಮಿಶ್ರಿತ ಹಸಿರು, ಕೊರಳು ಅಚ್ಚ ಹಳದಿ, ಎದೆ ಹೊಟ್ಟೆ ಬೂದು, ಬೆನ್ನು ಬೂದು ಕಲೆತ ಮಾಸಲು ಹಸಿರು. ಬಾಲದ ಬುಡದ ಕೆಳಗೆ ಮತ್ತೆ ಹಳದಿ. ಬಾಲದ ಗರಿಗಳ ತುದಿಯಲ್ಲಿ ತಿಳಿ ಹಳದಿಯ ಅಂಚು. ತಲೆಯ ಮೇಲೆ ಜುಟ್ಟು ಇಲ್ಲ. ಗಂಡು ಹೆಣ್ಣು ನೋಡಲು ಒಂದೇ ಥರ. ಮರಿಗಳ ಬಣ್ಣ ಮಾತ್ರ ಮಂಕು.

ಇಷ್ಟು ಓದಿದರೆ ಇದನ್ನು ಬೇರೆ ಹಕ್ಕಿ ಎಂದು ತಪ್ಪು ತಿಳಿಯಲು ಹೇಗೆ ಸಾಧ್ಯ ಅನಿಸುತ್ತದೆ. ಗುಡ್ಡದ ಮೇಲೆ ಅರ್ಧ ಸೆಕೆಂಡು ಕಂಡು ಪೊದೆಯೊಳಗೆ ಮುಳುಗಿದಾಗ ಕಥೆ ಬೇರೆ. ಎಲ್ಲಕ್ಕಿಂತ ಹೆಚ್ಚು ಗೊಂದಲ ಎಬ್ಬಿಸುವುದು ಬಿಳಿ ಹುಬ್ಬಿನ ಪಿಕಳಾರ. ಗಾತ್ರ ಅಷ್ಟೇ, ಇರುವುದೂ ಅದೇ ಕುರುಚಲಿನಲ್ಲಿ, ಅದಕ್ಕೂ ಬಾಲದ ಬುಡದಲ್ಲಿ ತಿಳಿ ಹಳದಿ, ಗಲ್ಲದ ಬಳಿಯೂ ಕೊಂಚ ಹಳದಿ ಛಾಯೆ. ಕೂಗು ಕೂಡ ಹತ್ತಿರ ಹತ್ತಿರ: ಎರಡೂ ಪೊದೆಯೊಳಗಿಂದ ಗಡಬಡಿಸಿ ಒಂದೇ ಉಸಿರಿಗೆ ಕೂಗಿ ಸುಮ್ಮನಾಗುತ್ತವೆ. ಬಿಡಿಸಿ ಹೇಳುವ ಗುರುತು ಎರಡು. ಬಿಳಿ ಹುಬ್ಬಿನದಕ್ಕೆ ಕಣ್ಣಿನ ಮೇಲೆ ಬಿಳಿ ಪಟ್ಟೆ ಇರುತ್ತದೆ, ನಮ್ಮ ಹಕ್ಕಿಗೆ ಇರುವುದಿಲ್ಲ. ನಮ್ಮ ಹಕ್ಕಿಯ ಬಾಲದ ತುದಿಯಲ್ಲಿ ತಿಳಿ ಅಂಚು ಇರುತ್ತದೆ, ಅದಕ್ಕೆ ಇರುವುದಿಲ್ಲ. ಅಂದರೆ ಕೊರಳು ಎಲೆಯ ಮರೆಯಲ್ಲಿದ್ದರೂ ಮುಖದ ಒಂದು ಪಕ್ಕ ಮತ್ತು ಬಾಲದ ತುದಿ ಸಿಕ್ಕಿದರೆ ಗುರುತು ಮುಗಿಯಿತು. ಇದು ತಲೆಯಲ್ಲಿ ಇದ್ದರೆ ಯಾವ ಫ್ರೇಮ್ ಕಾಯಬೇಕು ಎಂಬುದು ತಾನೇ ಗೊತ್ತಾಗುತ್ತದೆ.

ಹೆಸರಿನಿಂದಲೇ ಮೋಸ ಹೋಗುವ ಇನ್ನೊಂದು ಹಕ್ಕಿ ಹಳದಿ ಕತ್ತಿನ ಗುಬ್ಬಿ. ಅದರ ಕೊರಳಲ್ಲಿ ಹಳದಿಯ ಒಂದು ಸಣ್ಣ ಚುಕ್ಕೆ ಮಾತ್ರ. ಕಾಳು ಒಡೆಯುವ ದಪ್ಪ ಕೊಕ್ಕು, ಭುಜದ ಬಳಿ ಕಂದುಗೆಂಪು. ಮಧುರಕಂಠ ಹಳದಿ ಇದ್ದರೂ ಬಹಳ ಚಿಕ್ಕದು, ರೆಕ್ಕೆಯ ಮೇಲೆ ಬಿಳಿ ಪಟ್ಟೆ ಹೊತ್ತಿರುತ್ತದೆ. ಹೂವಿನ ಮಧು ಕುಡಿಯುವ ಹಕ್ಕಿಗಳ ಮುಖಕ್ಕೆ ಪರಾಗ ಮೆತ್ತಿ ಹಳದಿ ಕಾಣುವುದೂ ಉಂಟು. ಕೊಕ್ಕಿನ ಸುತ್ತ ಮಾತ್ರ ಹಳದಿ ಇದ್ದು ಕೊರಳ ಕೆಳಭಾಗಕ್ಕೆ ಹರಡಿಲ್ಲದಿದ್ದರೆ ಸಂಭ್ರಮ ಪಡುವ ಮೊದಲು ಮತ್ತೊಮ್ಮೆ ನೋಡಿ.

ಕೈ ಪಳಗಿಸಿಕೊಳ್ಳಲು ಕೋಟೆಗೆ ಹೋಗಿ. ದುರ್ಗದ ಕೋಟೆಯೊಳಗೆ, ಚಂದ್ರವಳ್ಳಿಯ ಕೆರೆ ಬದಿಯಲ್ಲಿ ಕೆಂಪು ಕಿಬ್ಬೊಟ್ಟೆಯ ಪಿಕಳಾರ ಧಾರಾಳ. ಅದರ ಉದ್ದವೂ ಸುಮಾರು 20 ಸೆಂ.ಮೀ., ಕೂರುವ ಭಂಗಿ, ತಲೆ ತಿರುಗಿಸುವ ಚುರುಕು, ಹಾರುವ ಮುನ್ನ ಮೈ ಬಗ್ಗಿಸುವ ರೀತಿ ಎಲ್ಲ ಅದೇ ಕುಲದ್ದು. ಆ ಹಕ್ಕಿಯ ಮೇಲೆ ನಿಮ್ಮ ಲೆನ್ಸ್ ಎಷ್ಟು ದೂರದಲ್ಲಿ ಎಷ್ಟು ಕೊಡುತ್ತದೆ ಎಂದು ತಿಳಿದುಕೊಂಡವರು ಜೋಗಿಮಟ್ಟಿಯಲ್ಲಿ ಗುಂಡಿ ತಡಕಾಡುತ್ತ ನಿಲ್ಲುವುದಿಲ್ಲ. ಕೋಟೆ ಪುರಾತತ್ವ ಇಲಾಖೆಯ ಸುಪರ್ದಿಯಲ್ಲಿರುವುದರಿಂದ ಟ್ರೈಪಾಡ್ ಬಳಸಲು ಪ್ರತ್ಯೇಕ ಅನುಮತಿ ಬೇಕು. ಕೈಯಲ್ಲಿ ಹಿಡಿದೇ ತೆಗೆಯುವುದು ಒಳ್ಳೆಯ ಅಭ್ಯಾಸವೂ ಹೌದು.

ಎಲ್ಲಿ ಕೂರಬೇಕು

ಜೋಗಿಮಟ್ಟಿ ಇರುವುದು ಚಿತ್ರದುರ್ಗದಿಂದ ದಕ್ಷಿಣಕ್ಕೆ ಸುಮಾರು 10 ಕಿ.ಮೀ. ದಾವಣಗೆರೆಯಿಂದ ಬರುವವರಿಗೆ ಹೆದ್ದಾರಿಯಲ್ಲಿ ಹೆಚ್ಚೂ ಕಡಿಮೆ 60 ಕಿ.ಮೀ. ಆಗುವುದರಿಂದ ನಸುಕಿನಲ್ಲೇ ಹೊರಡಬೇಕು. ಇದು ವನ್ಯಜೀವಿಧಾಮ, ಆಡುಮಲ್ಲೇಶ್ವರದ ಕಡೆಯಿಂದ ಮೇಲೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ಗೇಟಿನ ಸಮಯವನ್ನು ಹಿಂದಿನ ದಿನವೇ ವಿಚಾರಿಸಿಕೊಳ್ಳಿ. ಗೇಟು ತೆರೆಯುವ ಹೊತ್ತು ನಿಮ್ಮ ಬೆಳಗಿನ ಬೆಳಕನ್ನು ತಿನ್ನುವಂತಿದ್ದರೆ ಯೋಜನೆಯನ್ನೇ ಬದಲಿಸಿ, ಸಂಜೆ 4ರಿಂದ ಇಳಿಬಿಸಿಲಿನವರೆಗೆ ಕೂರುವ ಹಾಗೆ ಹೊಂದಿಸಿಕೊಳ್ಳಿ.

ಕರಡಿ ಮತ್ತು ಚಿರತೆ ಇರುವ ಕಾಡು ಇದು. ಬಂಡೆ ಸಂದು, ಗವಿ, ಹುತ್ತ ಇರುವ ಮರೆಗಳ ಹತ್ತಿರ ಮಸುಕು ಬೆಳಕಿನಲ್ಲಿ ಹೋಗಬೇಡಿ. ಕರಡಿ ಎದುರಿಗೆ ಸಿಕ್ಕಾಗ ಆಗುವ ಅನಾಹುತಗಳಿಗೆ ಬಹುಪಾಲು ಕಾರಣ, ಮನುಷ್ಯ ಬಂದದ್ದು ಅದಕ್ಕೆ ಗೊತ್ತಾಗದೆ ಇರುವುದು. ಫೋಟೊಗ್ರಾಫರ್ ಸದ್ದಿಲ್ಲದೆ ನಡೆಯುವುದೇ ಇಲ್ಲಿ ಅಪಾಯ. ಜಾಗ ತಲುಪುವ ತನಕ ಮಾತಾಡುತ್ತ ನಡೆಯಿರಿ, ಕೂತ ಮೇಲೆ ಮೌನ. ಕಲ್ಲಿನ ಮೇಲೆ ಕೈ ಊರುವ ಮುನ್ನ, ಕೂರುವ ಮುನ್ನ ಕೋಲಿನಿಂದ ತಟ್ಟಿ ನೋಡಿ. ಗರಗಸ ಮಂಡಲದಂಥ ಹಾವು, ಚೇಳು ಎರಡಕ್ಕೂ ಇಂಥ ಕಲ್ಲಿನ ಸಂದಿಯೇ ಇಷ್ಟ. ಒಬ್ಬರೇ ಹೋಗುವ ಜಾಗವಂತೂ ಅಲ್ಲ.

ಹಕ್ಕಿಯ ಬೆನ್ನು ಹತ್ತಿ ಇಳಿಜಾರಿನಲ್ಲಿ ಓಡಾಡುವುದು ಬಹಳ ಜನ ಮಾಡುವ ಕೆಲಸ, ಬಹಳ ಕಡಿಮೆ ಫಲ ಕೊಡುವ ಕೆಲಸ ಕೂಡ. ಈ ಪಿಕಳಾರ ನಾಚಿಕೆ ಸ್ವಭಾವದ್ದು. ನೀವು ಹತ್ತು ಹೆಜ್ಜೆ ಇಟ್ಟರೆ ಅದು ಪೊದೆಯ ಇನ್ನೊಂದು ಬದಿಯಿಂದ ಇಳಿದು ಕೆಳಗಿನ ಬಂಡೆಗೆ ಹೋಗಿರುತ್ತದೆ. ಅದು ತಾನಾಗಿ ಬರುವ ಕಡೆ ನೀವು ಮೊದಲೇ ಕೂತಿರಬೇಕು. ಬರುವುದು ಎರಡು ಕಾರಣಕ್ಕೆ, ಹಣ್ಣು ಮತ್ತು ನೀರು.

ಹಣ್ಣಿಗಾಗಿ ಹುಡುಕಬೇಕಾದ ಗಿಡಗಳು: ಲಂಟಾನ, ಕಾರೆ, ಕವಳೆ, ದೇವದಾರಿ, ಶ್ರೀಗಂಧ, ಆಲ-ಬಸರಿ-ಅತ್ತಿಯ ಜಾತಿಯ ಯಾವುದೇ ಮರ. ಬಂದರಿಕೆ ಗುಡ್ಡದ ತುಂಬ ಇದ್ದರೂ ಅದರ ಒಣ ಕಾಯಿ ಪಿಕಳಾರಕ್ಕೆ ಊಟವಲ್ಲ, ಕೂರಲು ಕೊಂಬೆ ಅಷ್ಟೆ. ಗಿಡ ಸಿಕ್ಕ ಮಾತ್ರಕ್ಕೆ ಸಾಲದು, ಹಣ್ಣು ಮಾಗಿದೆಯೇ ನೋಡಿ. ಲಂಟಾನದ ಗೊಂಚಲಿನಲ್ಲಿ ಹಸಿರು ಕಾಯಿಗಳ ನಡುವೆ ಕಡುನೇರಳೆ ಹಣ್ಣುಗಳಿದ್ದು, ಅಲ್ಲಲ್ಲಿ ತೊಟ್ಟು ಮಾತ್ರ ಉಳಿದಿದ್ದರೆ ಯಾರೋ ದಿನಾ ಬಂದು ಹೋಗುತ್ತಿದ್ದಾರೆ ಎಂದರ್ಥ. ಅಡಿಯ ಕಲ್ಲಿನ ಮೇಲೆ ಬೀಜ ತುಂಬಿದ ನೇರಳೆ ಹಿಕ್ಕೆ ಹಸಿಯಾಗಿ ಕಂಡರಂತೂ ಬೇರೆ ಗಿಡ ಹುಡುಕುವುದು ಬೇಡ. ಆ ಗಿಡದಿಂದ 10-12 ಮೀಟರ್ ದೂರದಲ್ಲಿ, ಸೂರ್ಯ ನಿಮ್ಮ ಬೆನ್ನಿಗೆ ಬರುವ ಹಾಗೆ, ಬಂಡೆಗೆ ಒರಗಿ ಕೂರಿ. ನಿಂತ ಮನುಷ್ಯನ ಆಕಾರ ಆಕಾಶಕ್ಕೆ ಎದುರಾಗಿ ಕಂಡರೆ ಹಕ್ಕಿ ಬರುವುದೇ ಇಲ್ಲ. ಬಟ್ಟೆಯ ಬಣ್ಣ ಕಾಡಿನದೇ ಆಗಬೇಕೆಂದಿಲ್ಲ. ಬಿಳಿ, ಕೆಂಪು ಬೇಡ, ಮಾಸಲು ಯಾವುದಾದರೂ ಆದೀತು.

ಗಿಡದ ಬಳಿ ಎದ್ದು ನಿಂತ ಒಂದು ಬಂಡೆಯೋ ಒಣ ಕೊಂಬೆಯೋ ಇದ್ದರೆ ಅದೇ ನಿಮ್ಮ ಫೋಟೊ ಸಿಗುವ ಜಾಗ. ಪೊದೆಗೆ ಇಳಿಯುವ ಮುನ್ನ ಹಕ್ಕಿ ಎತ್ತರದಲ್ಲಿ ಎರಡು ಮೂರು ಸೆಕೆಂಡು ಕೂತು ಸುತ್ತ ನೋಡುತ್ತದೆ, ತಿಂದ ಮೇಲೆ ಕೊಕ್ಕು ಒರೆಸಿಕೊಳ್ಳಲು ಮತ್ತೆ ಮೇಲೆ ಬರುತ್ತದೆ. ಪೊದೆಯೊಳಗೆ ತಿನ್ನುವಾಗ ಹತ್ತಾರು ಫೋಟೊ ತೆಗೆದು ಎಲೆಗಳನ್ನೇ ತುಂಬಿಕೊಳ್ಳುವುದಕ್ಕಿಂತ ಆ ಬಂಡೆಯ ತುದಿಗೆ ಫೋಕಸ್ ಮಾಡಿಟ್ಟು ಕಾಯುವುದು ಮೇಲು.

ಮಾರ್ಚ್‌ನಿಂದ ಮೇ ತನಕ ಹಣ್ಣಿಗಿಂತ ನೀರು ದೊಡ್ಡ ಆಕರ್ಷಣೆ. ಬಂಡೆಯ ತಗ್ಗಿನಲ್ಲಿ ನೀರು ನಿಂತ ದೊಣೆ, ಜಿನುಗುವ ಒರತೆ, ಕಾಡಿನವರು ಪ್ರಾಣಿಗಳಿಗೆ ಕಟ್ಟಿಸಿದ ತೊಟ್ಟಿ ಎಲ್ಲಿವೆ ಎಂದು ಗಾರ್ಡುಗಳನ್ನು ಕೇಳಿ. ಆದರೆ ಬಿರುಬೇಸಿಗೆಯಲ್ಲಿ ಒಂದೇ ದೊಣೆಗೆ ಎಲ್ಲ ಹಕ್ಕಿಗಳೂ ಬಂದು ಹೋಗಬೇಕು. ನೀವು ಅದರ ಪಕ್ಕದಲ್ಲೇ ಕೂತರೆ ಅವು ನೀರಿಲ್ಲದೆ ವಾಪಸು ಹೋಗುತ್ತವೆ. ಕನಿಷ್ಠ 15 ಮೀಟರ್ ಬಿಡಿ. ಹಕ್ಕಿಗಳು ಸುತ್ತ ಕೊಂಬೆಯಲ್ಲಿ ಕೂತು ಇಳಿಯಲು ಹಿಂದೆಮುಂದೆ ನೋಡುತ್ತಿದ್ದರೆ ಅದೂ ಸಾಲದು, ಇನ್ನಷ್ಟು ಹಿಂದೆ ಸರಿಯಿರಿ.

ನನ್ನ ಆಯ್ಕೆ ನವೆಂಬರ್‌ನಿಂದ ಫೆಬ್ರುವರಿ. ಮುಂಗಾರಿನಲ್ಲಿ ಜೋಗಿಮಟ್ಟಿ ಮಂಜಿನಿಂದ ಚಂದ ಕಾಣುತ್ತದೆ ನಿಜ, ಆದರೆ ಗಾಳಿಗೆ ಕೊಂಬೆ ನಿಲ್ಲುವುದಿಲ್ಲ. ಈ ಸಾಲಿನಲ್ಲಿ ಗಾಳಿಯಂತ್ರಗಳನ್ನು ನಿಲ್ಲಿಸಿರುವುದೇ ಅದಕ್ಕೆ. ಜೂನ್‌ನಿಂದ ಆಗಸ್ಟ್ ಈ ಹಕ್ಕಿ ಗೂಡು ಕಟ್ಟುವ ಕಾಲ ಕೂಡ, ಆಗ ಅದರ ಜಾಗಕ್ಕೆ ಹೋಗದಿರುವುದೇ ಒಳ್ಳೆಯದು. ಜನವರಿಯಲ್ಲಿ ಸೂರ್ಯ ಹುಟ್ಟುವುದು ಸುಮಾರು 6:50ಕ್ಕೆ. ಗುಡ್ಡದ ನೆರಳು ಸರಿದು ಇಳಿಜಾರಿಗೆ ಬಿಸಿಲು ತಾಗಿದ ಕೂಡಲೇ ಪಿಕಳಾರಗಳು ಮೈ ಕಾಯಿಸಲು ಮೇಲೆ ಬರುತ್ತವೆ. ಆ ಮೊದಲ ಒಂದೂವರೆ ಗಂಟೆಯೇ ಸಿಗುವ ಸಮಯ.

ಎಷ್ಟು ದೂರ, ಎಷ್ಟು ಗಾತ್ರ

ಲೆಕ್ಕ ಸುಲಭ. ಹಕ್ಕಿಯ ಉದ್ದವನ್ನು ಲೆನ್ಸಿನ ಫೋಕಲ್ ಲೆಂತ್‌ನಿಂದ ಗುಣಿಸಿ, ದೂರದಿಂದ ಭಾಗಿಸಿ. 200 ಮಿ.ಮೀ. ಹಕ್ಕಿ, 600 ಮಿ.ಮೀ. ಲೆನ್ಸ್, 10 ಮೀಟರ್ ದೂರ: ಸೆನ್ಸರ್ ಮೇಲೆ 12 ಮಿ.ಮೀ. ಎಪಿಎಸ್-ಸಿ ಎಂಬ ಚಿಕ್ಕ ಗಾತ್ರದ ಸೆನ್ಸರಿನ ಅಗಲ ಸುಮಾರು 23.5 ಮಿ.ಮೀ. ಇರುವುದರಿಂದ ಹಕ್ಕಿ ಅರ್ಧ ಫ್ರೇಮ್ ತುಂಬುತ್ತದೆ. ಅದಕ್ಕಿಂತ ದೊಡ್ಡದಾದ ಫುಲ್‌ಫ್ರೇಮ್ ಸೆನ್ಸರಿನಲ್ಲಿ ಮೂರನೇ ಒಂದು ಭಾಗ. 20 ಮೀಟರ್‌ಗೆ ಹೋದರೆ 6 ಮಿ.ಮೀ. 24 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ ಕ್ಯಾಮೆರಾದಲ್ಲಿ ಅದು ಉದ್ದಕ್ಕೆ ಸುಮಾರು 1500 ಪಿಕ್ಸೆಲ್. ಗುರುತಿಗೆ ಅದು ಬೇಕಾದಷ್ಟಾಯಿತು. 400 ಮಿ.ಮೀ. ಲೆನ್ಸ್ ಇರುವವರಿಗೆ ಅದೇ ದೂರದಲ್ಲಿ 1000 ಪಿಕ್ಸೆಲ್. ಬಾಲದ ಅಂಚು, ಹುಬ್ಬು ಇಲ್ಲದ ಮುಖ ಅದರಲ್ಲೂ ಕಾಣುತ್ತದೆ. ಹತ್ತಿರ ಹೋಗಲೇಬೇಕು ಎಂಬ ಚಡಪಡಿಕೆಗೆ ಈ ಲೆಕ್ಕವೇ ಮದ್ದು.

ಹತ್ತಿರ ಹೋದಷ್ಟೂ ಇನ್ನೊಂದು ತೊಂದರೆ ಎದುರಾಗುತ್ತದೆ. 600 ಮಿ.ಮೀ., ಅಪರ್ಚರ್ (ಲೆನ್ಸ್ ಬೆಳಕು ಬಿಡುವ ಕಿಂಡಿ) ಎಫ್ 6.3, 10 ಮೀಟರ್ ಇದ್ದಾಗ ಸ್ಪಷ್ಟವಾಗಿ ಬರುವ ಆಳ ಎಪಿಎಸ್-ಸಿಯಲ್ಲಿ ಬರೀ 7 ಸೆಂ.ಮೀ. ಎಫ್ 8ಕ್ಕೆ ಹೋದರೂ 9 ಸೆಂ.ಮೀ. ದಾಟುವುದಿಲ್ಲ. ಹಕ್ಕಿ ನಿಮ್ಮ ಕಡೆ ಎದೆ ಕೊಟ್ಟು ಕೂತಿದ್ದರೆ ಕೊಕ್ಕು ಚೂಪಾಗಿ ಬಂದು ಬಾಲ ಮಸುಕಾಗುತ್ತದೆ. ಬಾಲದ ಅಂಚಿನ ಗುರುತು ಅಲ್ಲಿಗೆ ಹೋಯಿತು. ಪಕ್ಕಕ್ಕೆ ತಿರುಗಿದ ಕ್ಷಣ ಕೊಕ್ಕಿನಿಂದ ಬಾಲದ ತನಕ ಎಲ್ಲ ಒಂದೇ ದೂರಕ್ಕೆ ಬರುವುದರಿಂದ ಅದೇ ದಾಖಲೆಯ ಫ್ರೇಮ್.

ಫೋಕಸ್‌ಗೆ ಒಂದೇ ಪಾಯಿಂಟ್ ಅಥವಾ ಅತಿ ಚಿಕ್ಕ ವಲಯ ಇಟ್ಟುಕೊಳ್ಳಿ. ಹಕ್ಕಿಯ ಕಣ್ಣು ಹುಡುಕುವ ಸೌಲಭ್ಯ ಹೊಸ ಕ್ಯಾಮೆರಾಗಳಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಬಂಡೆಯ ಮೇಲೆ ಕೂತ ಹಕ್ಕಿಗೆ ಅದನ್ನೇ ನಂಬಬಹುದು. ಲಂಟಾನದೊಳಗೆ ನಂಬಬೇಡಿ, ಮುಂದಿನ ಎಲೆಗೆ ಅಂಟಿಕೊಂಡು ಕೂರುತ್ತದೆ. ಆ ಸೌಲಭ್ಯವನ್ನು ಒಂದು ಗುಂಡಿಗೆ, ಒಂದೇ ಪಾಯಿಂಟನ್ನು ಪಕ್ಕದ ಗುಂಡಿಗೆ ಕೊಟ್ಟುಕೊಂಡರೆ ಹೆಬ್ಬೆರಳು ಸರಿಸಿದಷ್ಟರಲ್ಲಿ ಬದಲಾಯಿಸಬಹುದು. ಲೆನ್ಸಿನ ಫೋಕಸ್ ಮಿತಿಯ ಸ್ವಿಚ್ಚನ್ನು ದೂರದ ಭಾಗಕ್ಕೆ ಹಾಕಿ, ಆದರೆ ಅದು ಎಲ್ಲಿಂದ ಶುರುವಾಗುತ್ತದೆ ನೋಡಿಕೊಳ್ಳಿ: ಕೆಲವು ಲೆನ್ಸ್‌ಗಳಲ್ಲಿ 10 ಮೀಟರ್‌ನಿಂದ. 9 ಮೀಟರ್‌ನಲ್ಲಿ ಹಕ್ಕಿ ಬಂದು ಕೂತರೆ ಲೆನ್ಸ್ ಹಿಂದೆ ಮುಂದೆ ಅಲೆದಾಡಿ ಏನೂ ಹಿಡಿಯುವುದಿಲ್ಲ.

ಆಧಾರಕ್ಕೆ ಈ ಇಳಿಜಾರಿನಲ್ಲಿ ಟ್ರೈಪಾಡ್ ಕಾಲು ಹೊಂದಿಸುವಷ್ಟರಲ್ಲಿ ಹಕ್ಕಿ ಹೋಗಿರುತ್ತದೆ. ಮೋನೊಪಾಡ್ ಸಾಕು. ಅದಕ್ಕಿಂತ ಚೆಂದದ್ದು ಒಂದೂವರೆ ಕಿಲೊ ರಾಗಿ ತುಂಬಿ ಬಾಯಿ ಹೊಲಿದ ದಪ್ಪ ಬಟ್ಟೆಯ ಚೀಲ. ಬಂಡೆಯ ಮೇಲಿಟ್ಟು ಲೆನ್ಸ್ ಒತ್ತಿದರೆ ಕಾಳು ಸರಿದು ತಾನೇ ಗುಂಡಿ ಮಾಡಿಕೊಂಡು ಹಿಡಿಯುತ್ತದೆ. ಚೀಲವನ್ನು ಪೂರ್ತಿ ತುಂಬಬೇಡಿ, ಮುಕ್ಕಾಲು ಸಾಕು; ಬಿಗಿಯಾಗಿ ತುಂಬಿದ್ದು ಉರುಳುತ್ತದೆ.

ಹಳದಿಯ ಎಕ್ಸ್‌ಪೋಷರ್

ಇಲ್ಲಿ ನಿಧಾನವಾಗಿ ಓದಿ. ಈ ಹಕ್ಕಿಯ ಫೋಟೊಗಳಲ್ಲಿ ಕೆಡುವುದು ಹೆಚ್ಚಾಗಿ ಕೊರಳೇ.

ಹಳದಿ ಎಂದರೆ ಸೆನ್ಸರಿಗೆ ಕೆಂಪು ಮತ್ತು ಹಸಿರು ಎರಡೂ ಜೋರಾಗಿ, ನೀಲಿ ಬಹಳ ಕಡಿಮೆ. ಬಿಸಿಲು ನೇರವಾಗಿ ಕೊರಳ ಮೇಲೆ ಬಿದ್ದಾಗ ಎಲ್ಲಕ್ಕಿಂತ ಮೊದಲು ತುಂಬಿ ತುಳುಕುವುದು ಕೆಂಪು ಚಾನೆಲ್. ಕ್ಯಾಮೆರಾ ಹಿಂದೆ ಕಾಣುವ ಬಿಳಿ ಹಿಸ್ಟೊಗ್ರಾಂ, ಅಂದರೆ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ, ಒಟ್ಟು ಹೊಳಪನ್ನು ಹಸಿರಿಗೆ ಹೆಚ್ಚು ತೂಕ ಕೊಟ್ಟು ಲೆಕ್ಕ ಹಾಕುತ್ತದೆ, ಹಾಗಾಗಿ ಅದರಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತದೆ. ಮನೆಗೆ ಬಂದು ನೋಡಿದರೆ ಕೊರಳಿನ ಜಾಗದಲ್ಲಿ ಗರಿಯೇ ಇಲ್ಲ, ಹಳದಿ ಬಣ್ಣ ಬಳಿದ ಹಾಗೆ ಚಪ್ಪಟೆ. ಕೆಂಪು ಮೇಲಕ್ಕೆ ಹೋಗಲಾರದೆ ನಿಂತು ಹಸಿರು ಮಾತ್ರ ಏರುತ್ತಿರುವುದರಿಂದ ಬಣ್ಣವೂ ನಿಂಬೆ ಹಳದಿಯ ಕಡೆ ವಾಲಿರುತ್ತದೆ. ಆದ್ದರಿಂದ ಮೂರು ಬಣ್ಣಗಳ ಹಿಸ್ಟೊಗ್ರಾಂ ಬೇರೆ ಬೇರೆಯಾಗಿ ತೋರಿಸುವ ಆಯ್ಕೆಯನ್ನು ಮೆನುವಿನಲ್ಲಿ ಆನ್ ಮಾಡಿ, ಕೆಂಪಿನ ಬಲ ಅಂಚನ್ನೇ ನೋಡಿ. ಆ ಹಿಸ್ಟೊಗ್ರಾಂ ಹುಟ್ಟುವುದು ಕ್ಯಾಮೆರಾ ಒಳಗಿನ ಜೆಪೆಗ್‌ನಿಂದ; ಪಿಕ್ಚರ್ ಸ್ಟೈಲ್ ವಿವಿಡ್ ಇದ್ದರೆ ಬಣ್ಣ ಉಬ್ಬಿಸಿ ಸುಳ್ಳು ಹೇಳುತ್ತದೆ. ನ್ಯೂಟ್ರಲ್‌ಗೆ ಹಾಕಿ. ತೆಗೆಯುವುದು ಕ್ಯಾಮೆರಾ ಬಣ್ಣ ತಿದ್ದದ ರಾ ಫೈಲ್‌ನಲ್ಲೇ.

ಇನ್ನು ಹಿನ್ನೆಲೆ. ಹಕ್ಕಿ ಕಡುಹಸಿರು ಲಂಟಾನದ ಮುಂದೆ ಕೂತರೆ ಕ್ಯಾಮೆರಾದ ಮೀಟರ್ ಕತ್ತಲು ಇದೆ ಎಂದುಕೊಂಡು ಬೆಳಕು ಹೆಚ್ಚಿಸುತ್ತದೆ, ಕೊರಳು ಸುಡುತ್ತದೆ. ಅಲ್ಲಿ ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಚಕ್ರವನ್ನು (ಬೆಳಕು ಹೆಚ್ಚು ಕಡಿಮೆ ಮಾಡುವುದು) ಮೈನಸ್ 0.7ಕ್ಕೆ ಇಡಿ, ಬಿಸಿಲು ಚುರುಕಾಗಿದ್ದರೆ ಮೈನಸ್ 1. ತಿಳಿ ಬಣ್ಣದ ಬಂಡೆ ಹಿನ್ನೆಲೆಯಾದರೆ ಸೊನ್ನೆ ಅಥವಾ ಮೈನಸ್ 0.3. ಆಕಾಶಕ್ಕೆ ಎದುರಾಗಿ ಕೊಂಬೆ ತುದಿಯಲ್ಲಿದ್ದರೆ ಪ್ಲಸ್ 1ರಿಂದ ಪ್ಲಸ್ 1.7, ಇಲ್ಲದಿದ್ದರೆ ಬರೀ ಕಪ್ಪು ಆಕಾರ ಸಿಗುತ್ತದೆ. ಹಕ್ಕಿ ಮೂರು ಸೆಕೆಂಡಿನಲ್ಲಿ ಪೊದೆಯಿಂದ ಬಂಡೆಗೆ, ಬಂಡೆಯಿಂದ ಆಕಾಶಕ್ಕೆ ಜಾಗ ಬದಲಿಸುವಾಗ ಈ ಚಕ್ರ ತಿರುಗಿಸುತ್ತ ಕೂರಲಾಗುವುದಿಲ್ಲ. ಹಾಗಾಗಿ ನನ್ನ ಸಲಹೆ ಪೂರ್ತಿ ಮ್ಯಾನುಯಲ್. ಬಿಸಿಲು ಒಂದೇ ಸಮ ಇದ್ದಾಗ ಹಿನ್ನೆಲೆ ಏನೇ ಇರಲಿ, ಹಕ್ಕಿಯ ಮೈಮೇಲೆ ಬೀಳುವ ಬೆಳಕು ಅಷ್ಟೇ ಇರುತ್ತದೆ. ಸೂರ್ಯ ಹುಟ್ಟಿ ಒಂದು ಗಂಟೆಯಾದ ಮೇಲೆ, ತಿಳಿ ಆಕಾಶದಲ್ಲಿ ಎಫ್ 6.3, ಷಟರ್ 1/1600 ಸೆಕೆಂಡು, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸಂವೇದನೆ) 800 ಇಟ್ಟು ಶುರು ಮಾಡಿ. ಕಾಯುವ ಹೊತ್ತಿನಲ್ಲಿ ಅದೇ ಬಿಸಿಲಿನಲ್ಲಿರುವ ಹಳದಿಯ ಏನನ್ನಾದರೂ, ಒಂದು ತಂಗಡಿ ಹೂವು ಸಾಕು, ತೆಗೆದು ಕೆಂಪು ಚಾನೆಲ್ ನೋಡಿ. ಅಂಚಿಗೆ ತಾಗಿದರೆ ಐಎಸ್‌ಒ 640ಕ್ಕೋ 500ಕ್ಕೋ ಇಳಿಸಿ. ಬಿಸಿಲೇರಿದಂತೆ ಹತ್ತು ನಿಮಿಷಕ್ಕೊಮ್ಮೆ ಇದನ್ನು ಮಾಡುತ್ತಿರಬೇಕು. ಮೋಡ ಬಂದು ಹೋಗಿ ಮಾಡುವ ದಿನ ಮಾತ್ರ ಆಟೊ ಐಎಸ್‌ಒಗೆ ಹೋಗಿ.

ತೆಳು ಮೋಡದ ದಿನ ಈ ಹಕ್ಕಿಗೆ ಹೇಳಿಮಾಡಿಸಿದ್ದು. ಕೊರಳಿನ ಗರಿಗಳು ಒಂದೊಂದೂ ಬಿಡಿಯಾಗಿ ಬರುತ್ತವೆ, ಎದೆಯ ಬೂದು ಬಣ್ಣ ಬೂದಾಗಿಯೇ ಉಳಿಯುತ್ತದೆ. ಪೊದೆಯ ಪಕ್ಕದ ಬಿಸಿಲಿನಲ್ಲಿ ಎಲೆಯ ಹಸಿರು ಎದೆಗೆ ಪ್ರತಿಫಲಿಸಿ ಇಡೀ ಹಕ್ಕಿ ಹಸಿರಾಗಿ ಕಾಣುವುದುಂಟು. ವೈಟ್ ಬ್ಯಾಲೆನ್ಸನ್ನು ಆಟೊ ಬಿಟ್ಟರೆ ಫ್ರೇಮಿನಿಂದ ಫ್ರೇಮಿಗೆ ಹಳದಿ ಬೇರೆ ಬೇರೆ ಬರುತ್ತದೆ. 5200 ಕೆಲ್ವಿನ್‌ಗೆ ಕಟ್ಟಿಹಾಕಿ.

ಷಟರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೂತ ಪಿಕಳಾರಕ್ಕೆ 1/800 ಸಾಕಾದರೂ ಅದು ತಲೆಯನ್ನು ಝಟ್ಟನೆ ತಿರುಗಿಸುವುದರಿಂದ 1/1250ಕ್ಕಿಂತ ಮೇಲಿದ್ದರೆ ನೆಮ್ಮದಿ. ಹಾರುವುದನ್ನು ಹಿಡಿಯಲು 1/2500 ಬೇಕು, ಅದು ಮೊದಲ ದಿನದ ಕೆಲಸವಲ್ಲ.

ಬಿಸಿ ಗಾಳಿಯ ನಡುಕ

ಕ್ಯಾಮೆರಾ ಸರಿ, ಫೋಕಸ್ ಸರಿ, ಷಟರ್ ಸರಿ, ಆದರೂ ಹತ್ತಕ್ಕೆ ಹತ್ತು ಫೋಟೊ ಮೆತ್ತಗೆ ಬಂದಿವೆ ಎಂದರೆ ತಪ್ಪು ಬಂಡೆಯದ್ದು. ಕಾದ ಕಲ್ಲಿನ ಮೇಲೆ ಗಾಳಿ ಪದರ ಪದರವಾಗಿ ಏಳುವಾಗ ಬೆಳಕು ಬಾಗುತ್ತದೆ. ಬರಿಗಣ್ಣಿಗೆ ತಿಳಿಯದ ಈ ನಡುಕವನ್ನು 600 ಮಿ.ಮೀ. ಲೆನ್ಸ್ ಹಿಗ್ಗಿಸಿ ತೋರಿಸುತ್ತದೆ. ಫೆಬ್ರುವರಿಯಲ್ಲಿ ಒಂಬತ್ತೂವರೆಯ ಹೊತ್ತಿಗೆ, ಏಪ್ರಿಲ್‌ನಲ್ಲಿ ಎಂಟು ಗಂಟೆಗೇ ಶುರುವಾಗಬಹುದು. ಕೋಟೆಯ ಗ್ರಾನೈಟ್ ಹಾಸುಗಳ ಮೇಲೆ ಇದು ಇನ್ನೂ ಜೋರು.

ಗುರುತಿಸುವುದು ಹೇಗೆ? ಒಂದೇ ಸರಣಿಯ ಫೋಟೊಗಳಲ್ಲಿ ಕೊಂಬೆಯ ಅಂಚು ಒಂದರಲ್ಲಿ ನೇರ, ಇನ್ನೊಂದರಲ್ಲಿ ಅಲೆಅಲೆಯಾಗಿ ಕಂಡರೆ ಅದು ಬಿಸಿ ಗಾಳಿ. ಫೋಕಸ್ ತಪ್ಪಿದ್ದರೆ ಎಲ್ಲದರಲ್ಲೂ ಒಂದೇ ರೀತಿ ಮಸುಕಾಗಿರುತ್ತದೆ. ಕೈ ಅಲುಗಿದ್ದರೆ ಒಂದೇ ದಿಕ್ಕಿಗೆ ಎಳೆದಂತಿರುತ್ತದೆ. ಬಿಸಿ ಗಾಳಿಗೆ ಎಡಿಟಿಂಗ್‌ನಲ್ಲಿ ಮದ್ದಿಲ್ಲ. ದೂರ ಕಡಿಮೆ ಮಾಡಬಹುದು, ನೋಟ ಬಂಡೆಯ ಮೈಗೆ ತಾಗಿಕೊಂಡು ಹೋಗದಂತೆ ಒಂದು ಮೀಟರ್ ಎತ್ತರಕ್ಕೆ ಬರಬಹುದು, ನಡುವೆ ಕಲ್ಲಿನ ಬದಲು ಹುಲ್ಲು ಪೊದೆ ಬರುವ ಕಡೆ ಹೋಗಿ ಕೂರಬಹುದು. ಇಷ್ಟಾದರೂ ಹೋಗದಿದ್ದರೆ ಕ್ಯಾಮೆರಾ ಬ್ಯಾಗಿಗೆ ಹಾಕಿ ಬೈನಾಕ್ಯುಲರ್ ಹಿಡಿಯಿರಿ. ಕಾರಿನ ಎಸಿಯಿಂದ ಹೊರತೆಗೆದ ಲೆನ್ಸ್ ಕೂಡ ಇಂಥದೇ ಆಟ ಆಡುತ್ತದೆ. ಹೊರಗಿನ ತಾಪಕ್ಕೆ ಹೊಂದಲು ಅದಕ್ಕೆ 15-20 ನಿಮಿಷ ಕೊಡಿ.

ಹಕ್ಕಿ ಬಂದಾಗ

ಕಂಡ ಕೂಡಲೇ, ಕೂತಲ್ಲಿಂದಲೇ, ಎಲೆ ಅಡ್ಡವಿದ್ದರೂ ಸರಿ, ಮೂರು ನಾಲ್ಕು ಫ್ರೇಮ್ ತೆಗೆದುಬಿಡಿ. ಜಾಗ ಬದಲಿಸುವುದು, ಸೆಟ್ಟಿಂಗ್ ತಿದ್ದುವುದು ಆಮೇಲೆ. ನಂತರ ಪಕ್ಕದ ನೋಟಕ್ಕೆ ಕಾಯಿರಿ: ಹುಬ್ಬು ಇಲ್ಲದ ಮುಖ, ಕೊರಳು, ಬಾಲ ಒಂದೇ ಫ್ರೇಮಿನಲ್ಲಿ. ಆಮೇಲೆ ಬಾಲದ ತುದಿ. ಹಕ್ಕಿ ಬಗ್ಗಿ ಹಣ್ಣು ಕೀಳುವಾಗ ಬಾಲ ಬಿಚ್ಚಿಕೊಳ್ಳುತ್ತದೆ, ಆ ಕ್ಷಣ ತಿಳಿ ಅಂಚು ಎದ್ದು ಕಾಣುತ್ತದೆ. ಕೆಳಗಿನಿಂದ ನೋಡಲು ಸಿಕ್ಕಿದರೆ ಬಾಲದ ಬುಡದ ಹಳದಿ. ಉದ್ದ ಸರಣಿ ಹೊಡೆದು ಕ್ಯಾಮೆರಾದ ತಾತ್ಕಾಲಿಕ ಮೆಮೊರಿ (ಬಫರ್) ತುಂಬಿಸಿಕೊಂಡರೆ ಹಕ್ಕಿ ತಿರುಗುವ ಹೊತ್ತಿಗೇ ಕ್ಯಾಮೆರಾ ಕೈಕೊಡುತ್ತದೆ. ಚಿಕ್ಕ ಚಿಕ್ಕ ಸರಣಿ ಸಾಕು. ಇವು ಸಿಕ್ಕ ಮೇಲೆ ಕೊನೆಗೊಂದು ದೂರದ ನೋಟ, ಹಕ್ಕಿ ಚಿಕ್ಕದಾಗಿ, ಬಂಡೆ ಮತ್ತು ಪೊದೆ ದೊಡ್ಡದಾಗಿ. ಇದು ಎಂಥ ಜಾಗದ ಹಕ್ಕಿ ಎಂಬುದನ್ನು ಆ ಒಂದು ಫೋಟೊ ಹೇಳುತ್ತದೆ, ಮತ್ತು ನನ್ನ ಮಟ್ಟಿಗೆ ಇಡೀ ಕಂತಿನಲ್ಲಿ ಬಹುಕಾಲ ಉಳಿಯುವುದು ಅದೇ.

ಹಕ್ಕಿ ಕೂಗುತ್ತಿದ್ದರೆ ಫೋನಿನಲ್ಲಿ ಅರ್ಧ ನಿಮಿಷ ದನಿ ಹಿಡಿಯಿರಿ. ಕೂಗು ಕೇಳಿ ಹಕ್ಕಿ ಗುರುತಿಸುವ ಮರ್ಲಿನ್ ಆ್ಯಪ್ ಏನು ಹೇಳಿದರೂ ಅದನ್ನು ಸುಳಿವು ಎಂದು ಮಾತ್ರ ತೆಗೆದುಕೊಳ್ಳಿ, ಬಿಳಿ ಹುಬ್ಬಿನದರ ಜೊತೆ ಕೂಗು ಅಷ್ಟು ಹತ್ತಿರ. ಆದರೆ ಸ್ಪೀಕರಿನಲ್ಲಿ ಕೂಗು ಹಾಕಿ ಹಕ್ಕಿಯನ್ನು ಹೊರಗೆ ಕರೆಯಬೇಡಿ. ತನ್ನ ಜಾಗಕ್ಕೆ ಇನ್ನೊಂದು ಬಂತೆಂದು ಅದು ಊಟ ಬಿಟ್ಟು, ಮರಿ ಬಿಟ್ಟು ಜಗಳಕ್ಕೆ ಬರುತ್ತದೆ. ಇಷ್ಟು ಕಡಿಮೆ ಜಾಗಗಳಲ್ಲಿ ಉಳಿದಿರುವ ಹಕ್ಕಿಗೆ ವಾರವಾರವೂ ಬೇರೆ ಬೇರೆಯವರು ಬಂದು ಹಾಗೆ ಮಾಡಿದರೆ ಅದು ಆ ಇಳಿಜಾರನ್ನೇ ಬಿಡಬಹುದು. ಗೂಡು ಅಕಸ್ಮಾತ್ ಕಂಡರೆ ಒಂದೂ ಫೋಟೊ ತೆಗೆಯದೆ ಬಂದ ದಾರಿಯಲ್ಲೇ ಹಿಂದಿರುಗಿ. ಎಲೆ ಸರಿಸಿದ ಗೂಡನ್ನು ಕಾಗೆ, ಕೆಂಬೂತಗಳು ಬೇಗ ಪತ್ತೆಹಚ್ಚುತ್ತವೆ.

ಮನೆಗೆ ಬಂದ ಮೇಲೆ

ಹೊರಡುವ ಮುನ್ನವೇ ಕ್ಯಾಮೆರಾ ಗಡಿಯಾರವನ್ನು ಫೋನಿನ ಸಮಯಕ್ಕೆ ಹೊಂದಿಸಿದ್ದರೆ ಈ ಹಂತ ಸಲೀಸು. ಕಾರ್ಡ್ ಅಳಿಸುವ ಮೊದಲು ಎರಡು ಕಡೆ ನಕಲು ಇರಲಿ. ಮಸುಕಾದ ಮೊದಲ ಫ್ರೇಮ್‌ಗಳನ್ನೂ ಇಟ್ಟುಕೊಳ್ಳಿ; ಚೂಪಾದ ಫೋಟೊದಲ್ಲಿ ಕಾಣದ ಬಾಲ ಅದರಲ್ಲಿ ಕಾಣಬಹುದು. ದಾಖಲೆಗೆ ಕೊಡುವ ಫೋಟೊಗೆ ಎಕ್ಸ್‌ಪೋಷರ್ ತಿದ್ದಿ, ಕತ್ತರಿಸಿ, ಅಷ್ಟಕ್ಕೇ ನಿಲ್ಲಿಸಿ. ಹಳದಿಯ ಸ್ಲೈಡರ್ ಎಳೆಯುವುದು ಬೇಡ. ಎಐ ಬಳಸಿ ನಾಯ್ಸ್ ತೆಗೆಯುವ, ಚೂಪು ಮಾಡುವ ಸಾಫ್ಟ್‌ವೇರ್‌ಗಳು ಇಲ್ಲದ ಗರಿಯನ್ನು ಹುಟ್ಟಿಸಿಬಿಡುತ್ತವೆ. ಗೋಡೆಗೆ ಹಾಕುವ ಚಿತ್ರಕ್ಕೆ ಅದು ನಡೆದೀತು, ಗುರುತು ಹೇಳಬೇಕಾದ ಚಿತ್ರಕ್ಕೆ ಸಲ್ಲದು.

ಹಕ್ಕಿ ನೋಡುಗರು ಕಂಡದ್ದನ್ನು ದಾಖಲಿಸುವ ಇ-ಬರ್ಡ್ ಜಾಲತಾಣಕ್ಕೆ ಪಟ್ಟಿ ಹಾಕುವಾಗ ಎಷ್ಟು ಹಕ್ಕಿ, ಯಾವ ಗಿಡದಲ್ಲಿ, ಏನು ತಿನ್ನುತ್ತಿತ್ತು ಎಂಬುದನ್ನೂ ಟಿಪ್ಪಣಿಯಲ್ಲಿ ಬರೆಯಿರಿ. ಕಂಡ ಬೇರೆಲ್ಲ ಹಕ್ಕಿಗಳನ್ನೂ ಸೇರಿಸಿ ಪೂರ್ಣ ಪಟ್ಟಿ ಕೊಟ್ಟರೆ ಅದರ ಉಪಯೋಗ ಹೆಚ್ಚು, ಏಕೆಂದರೆ ಇದ್ದದ್ದರ ಜೊತೆ ಇಲ್ಲದ್ದೂ ಅದರಿಂದ ತಿಳಿಯುತ್ತದೆ. ಜಗಳೂರು ಕಡೆಯ ರಂಗಯ್ಯನದುರ್ಗದ ಕೊಂಡುಕುರಿ ವನ್ಯಧಾಮದಂಥ ಕಡೆ, ಜನ ಹೆಚ್ಚು ಹೋಗದ ಕುರುಚಲು ಗುಡ್ಡಗಳಲ್ಲಿ, ಇಂಥ ಪೂರ್ಣ ಪಟ್ಟಿಗಳಿಗೆ ಇನ್ನೂ ಹೆಚ್ಚಿನ ಬೆಲೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ ಹಾಕುವಾಗ ಮಾತ್ರ ಫೈಲ್‌ನಿಂದ ಜಿಪಿಎಸ್ ಮಾಹಿತಿ ತೆಗೆದುಹಾಕಿ, ಜಾಗದ ಹೆಸರಿಗೆ ಚಿತ್ರದುರ್ಗ ಜಿಲ್ಲೆ ಎಂದಷ್ಟೇ ಬರೆಯಿರಿ. ಯಾವ ತಿರುವು, ಯಾವ ಬಂಡೆ ಎಂದು ಕೇಳುವವರಿಗೆ ಹಣ್ಣು ಬಿಟ್ಟ ಕಾರೆ ಗಿಡ ಗುರುತಿಸುವುದು ಹೇಗೆ ಎಂದು ಹೇಳಿಕೊಡಿ.